ಕೈಗಂಟಿನಿಂದಲೇ ಪಡೆದ ಪರಿಹಾರ: ಕೋವಿಡ್ ನಂತರದ ಮನೆಯ ಲೆಕ್ಕ

2020ರ ನವೆಂಬರ್ ಮೊದಲ ವಾರದ ಹೊತ್ತಿಗೆ ದೇಶದ ಸಾಲಗಾರರ ಖಾತೆಗಳಿಗೆ ಬ್ಯಾಂಕುಗಳು ಸಣ್ಣ ಮೊತ್ತವೊಂದನ್ನು ಜಮಾ ಮಾಡಿದವು. ಲಾಕ್‌ಡೌನ್ ಕಾಲದಲ್ಲಿ ಕಂತು ಮುಂದೂಡಲು ಕೊಟ್ಟಿದ್ದ ಆರು ತಿಂಗಳಲ್ಲಿ ಬಡ್ಡಿಯ ಮೇಲೆ ಬಿದ್ದ ಬಡ್ಡಿಯನ್ನು, 2 ಕೋಟಿ ರೂಪಾಯಿವರೆಗಿನ ಸಾಲಗಳ ಮಟ್ಟಿಗೆ, ಕೇಂದ್ರ ಸರ್ಕಾರ ತಾನೇ ಭರಿಸಲು ಒಪ್ಪಿದ್ದರ ಫಲ ಅದು. ಶೇ 8ರ ಬಡ್ಡಿಯ 20 ಲಕ್ಷ ರೂಪಾಯಿ ಗೃಹಸಾಲಕ್ಕೆ ಈ ಲೆಕ್ಕ ಹಾಕಿದರೆ ಬರುವ ಮೊತ್ತ ಸುಮಾರು 1,345 ರೂಪಾಯಿ. ಅದೇ ಸಾಲವನ್ನು ಆಗಷ್ಟೇ 20 ವರ್ಷದ ಅವಧಿಗೆ ಪಡೆದಿದ್ದವರು ಆರು ಕಂತುಗಳನ್ನು ಮುಂದೂಡಿ, ಆಮೇಲೆ ಕಂತಿನ ಮೊತ್ತವನ್ನು ಏರಿಸದೆ ಅವಧಿಯನ್ನು ಮಾತ್ರ ಹಿಗ್ಗಿಸಿಕೊಂಡಿದ್ದರೆ, ಸಾಲ ತೀರುವಷ್ಟರಲ್ಲಿ ತಿಂಗಳಿಗೆ 16,729 ರೂಪಾಯಿಯಂತೆ ಸುಮಾರು 26 ಕಂತುಗಳನ್ನು ಹೆಚ್ಚಾಗಿ ಕಟ್ಟಬೇಕಾಗುತ್ತದೆ. ಈ ಹೆಚ್ಚುವರಿ ಹೊರೆ 4.3 ಲಕ್ಷ ರೂಪಾಯಿಯನ್ನು ದಾಟುತ್ತದೆ.

ಕಂತು ಮುಂದೂಡಿಕೆ ಕೆಟ್ಟ ಕ್ರಮವಾಗಿತ್ತು ಎಂದು ಹೇಳುವುದಕ್ಕಾಗಿ ಈ ಲೆಕ್ಕವನ್ನು ಇಲ್ಲಿ ಇಟ್ಟಿಲ್ಲ. ಸಂಬಳವೇ ಬಾರದ ತಿಂಗಳಲ್ಲಿ ಬ್ಯಾಂಕಿನವರ ಕರೆ ಬಾರದಿರುವುದು ದೊಡ್ಡ ಸಮಾಧಾನವಾಗಿತ್ತು. ಭಾರತೀಯ ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಮೂರು ತಿಂಗಳಿಗೆ ಪ್ರಕಟಿಸಿ, ಮುಂದೆ ಆಗಸ್ಟ್ 31ರವರೆಗೆ ವಿಸ್ತರಿಸಿದ ಆ ಕ್ರಮ ಎಷ್ಟೋ ಮನೆಗಳನ್ನು ಸುಸ್ತಿದಾರರ ಪಟ್ಟಿಗೆ ಸೇರದಂತೆ ಕಾಪಾಡಿತು. ಆದರೆ ಅದು ಕೊಟ್ಟದ್ದು ಸಮಯವನ್ನು ಮಾತ್ರ, ಹಣವನ್ನಲ್ಲ. ಆ ಸಮಯದ ಬೆಲೆಯನ್ನು ತೆತ್ತವರು ಸಾಲಗಾರರೇ. ಕೋವಿಡ್ ಕಾಲದಲ್ಲಿ ದುಡಿಯುವ ಕುಟುಂಬಗಳಿಗೆ ಸಿಕ್ಕ ನೆರವಿನ ದೊಡ್ಡ ಪಾಲನ್ನು ಹೀಗೆ ಒಂದೊಂದಾಗಿ ಬಿಡಿಸಿ ನೋಡಿದರೆ, ಅದು ಆ ಕುಟುಂಬದ ಹಿಂದಿನ ಉಳಿತಾಯವೋ ಮುಂದಿನ ದುಡಿಮೆಯೋ ಆಗಿತ್ತೆಂಬುದು ಸ್ಪಷ್ಟವಾಗುತ್ತದೆ. ಆದಾಯ ಬಹುಮಟ್ಟಿಗೆ ಮರಳಿ ಬಂದ ಮೇಲೂ ಮನೆಗಳು ಏಕೆ ಚೇತರಿಸಿಕೊಂಡಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಇಲ್ಲಿಂದಲೇ ಹುಡುಕಬೇಕು ಎಂಬುದು ನನ್ನ ವಾದ.

ಭವಿಷ್ಯ ನಿಧಿಯ (ಪಿಎಫ್) ವಿಷಯವನ್ನೇ ತೆಗೆದುಕೊಳ್ಳಬಹುದು. 2020ರ ಮಾರ್ಚ್ ಕೊನೆಯ ವಾರದಲ್ಲಿ ನಿಯಮ ತಿದ್ದುಪಡಿಯಾಗಿ, ಪಿಎಫ್ ಖಾತೆಯಲ್ಲಿರುವ ಹಣದ ಶೇ 75ರಷ್ಟನ್ನು ಅಥವಾ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು, ಮರುಪಾವತಿಸಬೇಕಿಲ್ಲದ ಮುಂಗಡವಾಗಿ ಪಡೆಯಲು ಅವಕಾಶ ಸಿಕ್ಕಿತು. ಎರಡನೇ ಅಲೆಯ ಹೊತ್ತಿಗೆ, 2021ರ ಮೇ ಕೊನೆಯಲ್ಲಿ, ಅದೇ ಅವಕಾಶವನ್ನು ಮತ್ತೊಮ್ಮೆ ಕೊಡಲಾಯಿತು. ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್‌ನಂತಹ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವವರಿಗೆ ಬೇರಾವ ಬಾಗಿಲೂ ತೆರೆದಿರದಿದ್ದಾಗ ತೆರೆದಿದ್ದ ಬಾಗಿಲು ಇದು. 32 ವರ್ಷದ ಕಾರ್ಮಿಕರೊಬ್ಬರು ಅಂದು ತೆಗೆದ 50,000 ರೂಪಾಯಿ ಖಾತೆಯಲ್ಲೇ ಉಳಿದಿದ್ದರೆ, ವರ್ಷಕ್ಕೆ ಶೇ 8ರ ಬಡ್ಡಿಯಲ್ಲಿ, ಅವರು 58 ತುಂಬಿ ನಿವೃತ್ತರಾಗುವಾಗ ಸುಮಾರು 3.7 ಲಕ್ಷ ರೂಪಾಯಿ ಆಗಿರುತ್ತಿತ್ತು. ಆ ಹಣ ಮನೆ ಬಾಡಿಗೆಗೆ, ದಿನಸಿಗೆ, ಆಕ್ಸಿಜನ್ ಸಿಲಿಂಡರಿಗೆ ಹೋಯಿತು. ಖರ್ಚು ಅನಿವಾರ್ಯವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಮುಪ್ಪಿನ ಹಣವನ್ನು ಯೌವನದಲ್ಲೇ ಖರ್ಚು ಮಾಡಲು ಕೊಟ್ಟ ಅನುಮತಿಯನ್ನು ಪರಿಹಾರ ಎಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. 2020ರ ಮೇಯಿಂದ ಜುಲೈವರೆಗೆ ಪಿಎಫ್ ವಂತಿಗೆಯನ್ನು ಶೇ 12ರಿಂದ ಶೇ 10ಕ್ಕೆ ಇಳಿಸಿದಾಗ ನೌಕರರ ಕೈಗೆ ಸ್ವಲ್ಪ ಹೆಚ್ಚು ಹಣ ಬಂದದ್ದೂ ಇದೇ ಬಗೆಯ ನೆರವು.

ಮೂರನೆಯದು ಚಿನ್ನ. ನಮ್ಮ ಮನೆಗಳಲ್ಲಿ ಒಡವೆ ಎಂಬುದು ಅಲಂಕಾರಕ್ಕಿಂತ ಹೆಚ್ಚಾಗಿ ಕಷ್ಟಕಾಲದ ಬ್ಯಾಂಕು. ಅಡ ಇಟ್ಟು ಬಿಡಿಸಿಕೊಳ್ಳುವುದು ಬಿತ್ತನೆಯಷ್ಟೇ ನಿಯಮಿತವಾಗಿ ನಡೆಯುವ ರೈತ ಕುಟುಂಬಗಳು ಸಾಕಷ್ಟಿವೆ. 2020ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಒಡವೆಯ ಮೌಲ್ಯದ ಶೇ 75ರಷ್ಟಕ್ಕೆ ಸೀಮಿತವಾಗಿದ್ದ ಸಾಲವನ್ನು ಬ್ಯಾಂಕುಗಳು ಶೇ 90ರವರೆಗೆ ಕೊಡಬಹುದು ಎಂದು 2021ರ ಮಾರ್ಚ್ 31ರವರೆಗೆ ಸಡಿಲಿಸಿತು. ಆ ಆಗಸ್ಟ್‌ನಲ್ಲೇ ಚಿನ್ನದ ಬೆಲೆ 10 ಗ್ರಾಂಗೆ ಸುಮಾರು 56 ಸಾವಿರ ರೂಪಾಯಿ ಮುಟ್ಟಿತ್ತು. ಏಳೆಂಟು ತಿಂಗಳಲ್ಲಿ, ಸಡಿಲಿಕೆ ಮುಗಿಯುವ ವೇಳೆಗೆ, ಬೆಲೆ 45 ಸಾವಿರದ ಆಸುಪಾಸಿಗೆ ಕುಸಿಯಿತು. ಬೆಲೆ ಏರಿದ್ದಾಗ ಗರಿಷ್ಠ ಸಾಲ ಎತ್ತಿದ್ದವರ ಒಡವೆಯ ಮೌಲ್ಯ ಸಾಲದ ಮೊತ್ತಕ್ಕಿಂತ ಕೆಳಗಿಳಿಯಿತು. ಹೆಚ್ಚುವರಿ ಹಣ ಕಟ್ಟಿ ಎಂಬ ನೋಟಿಸು, ಅದು ಸಾಧ್ಯವಾಗದಿದ್ದರೆ ಹರಾಜು ಎಂಬುದು ಈ ವ್ಯವಹಾರದ ಸಾಮಾನ್ಯ ನಿಯಮ. ಆ ವರ್ಷ ದಿನಪತ್ರಿಕೆಗಳ ಒಳಪುಟಗಳಲ್ಲಿ ಬಂದ ಹರಾಜು ಪ್ರಕಟಣೆಗಳನ್ನು ಗಮನಿಸಿದವರಿಗೆ ಇದು ನೆನಪಿರಬಹುದು. ಹರಾಜಾದ ಎರಡೆಳೆ ಸರವನ್ನು ಮತ್ತೆ ಮಾಡಿಸಿಕೊಳ್ಳುವ ಬೆಲೆ ಈಗ ಎಷ್ಟಾಗಿದೆ ಎಂಬುದನ್ನು ಯೋಚಿಸಬೇಕು. 2025ರಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿಯನ್ನು ದಾಟಿತು. 2021ರಲ್ಲಿ ಒಡವೆ ಕಳೆದುಕೊಂಡ ಕುಟುಂಬಕ್ಕೆ ಕೂಲಿಯೋ ಸಂಬಳವೋ ಹಿಂದಿನ ಮಟ್ಟಕ್ಕೆ ಬಂದಿದ್ದರೂ, ಆ ಒಡವೆ ಮರಳಿ ಬರುವುದು ಕಷ್ಟ.

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೆಯಿತು. ಇಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಡುವ ಪದ್ಧತಿ ಬಹುಕಾಲದಿಂದ ಇದೆ. ಊರಿನಿಂದ ಬಂದು ನೆಲೆಸಿದ ಕ್ಯಾಬ್ ಚಾಲಕರಿಗೆ, ಗಾರ್ಮೆಂಟ್ಸ್ ಕಾರ್ಮಿಕರಿಗೆ, ಅಂಗಡಿ ನೌಕರರಿಗೆ ಆ ಅಡ್ವಾನ್ಸೇ ನಗರದಲ್ಲಿ ಇಟ್ಟಿರುವ ಅತಿ ದೊಡ್ಡ ಮೊತ್ತ. ದುಡಿಮೆ ನಿಂತಾಗ ಬಾಡಿಗೆದಾರರು ಮಾಲೀಕರಿಗೆ ಹೇಳಿದ್ದು ಒಂದೇ ಮಾತು: "ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಸಾರ್." ಮಾಲೀಕರಲ್ಲೂ ಅನೇಕರು ಆ ಬಾಡಿಗೆಯಿಂದಲೇ ತಮ್ಮ ಕಟ್ಟಡದ ಸಾಲ ತೀರಿಸುತ್ತಿದ್ದವರು, ಕೆಲವರು ಬಾಡಿಗೆಯನ್ನೇ ಪಿಂಚಣಿಯಂತೆ ನೆಚ್ಚಿಕೊಂಡ ಹಿರಿಯರು, ಮುರಿದುಕೊಳ್ಳಲು ಅಡ್ವಾನ್ಸ್ ಹಣವೇ ಅವರ ಕೈಯಲ್ಲಿ ಉಳಿದಿರಲಿಲ್ಲ. ಹೀಗೆ ಒಂದು ಮನೆಯ ಆದಾಯ ನಿಂತರೆ ಅದರ ಪೆಟ್ಟು ಪಕ್ಕದ ಮನೆಗೆ ತಾಗುತ್ತಿತ್ತು. ಮನೆ ಖಾಲಿ ಮಾಡಿ ಊರಿಗೆ ಹೋದವರು 2021ರ ಕೊನೆಯಲ್ಲೋ 2022ರಲ್ಲೋ ಮರಳಿದಾಗ, ಮತ್ತೆ ಹತ್ತು ತಿಂಗಳ ಬಾಡಿಗೆಯನ್ನು ಹೊಂದಿಸಬೇಕಾಯಿತು, ಅದೂ ಏರಿದ ಬಾಡಿಗೆಯ ಲೆಕ್ಕದಲ್ಲಿ.

ಪಿಎಫ್, ಒಡವೆ, ಅಡ್ವಾನ್ಸ್ ಯಾವುದೂ ಇಲ್ಲದವರಿಗೆ ಉಳಿದದ್ದು ಕೈಸಾಲ, ಚೀಟಿ ಮತ್ತು ಸಂಘದ ಸಾಲ. ಅವರಿಗೆ ಸರ್ಕಾರ ನೇರವಾಗಿ ಕೊಟ್ಟ ನೆರವಿನ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ ಯೋಜನೆಯಡಿ ಸುಮಾರು 80 ಕೋಟಿ ಜನರಿಗೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ಹೆಚ್ಚುವರಿಯಾಗಿ, ಉಚಿತವಾಗಿ ಕೊಟ್ಟದ್ದು ಹಸಿವನ್ನು ತಡೆದ ದೊಡ್ಡ ಕೆಲಸ. ಪಡಿತರ ಚೀಟಿಯೇ ಇಲ್ಲದ ವಲಸೆ ಕಾರ್ಮಿಕರನ್ನು ಅದು ಸರಿಯಾಗಿ ತಲುಪಲಿಲ್ಲ ಎಂಬುದೂ ಅಷ್ಟೇ ನಿಜ. ಉದ್ಯೋಗ ಖಾತ್ರಿ ಯೋಜನೆಯಲ್ಲಿ 2020–21ರಲ್ಲಿ ದೇಶದಾದ್ಯಂತ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಸೃಷ್ಟಿಯಾಯಿತು, 7.5 ಕೋಟಿಗೂ ಹೆಚ್ಚು ಕುಟುಂಬಗಳು ದುಡಿದವು. ಮುಂಬೈ, ಪುಣೆ, ಗೋವಾ, ಬೆಂಗಳೂರುಗಳಿಂದ ಯಾದಗಿರಿ, ಕಲಬುರಗಿ, ರಾಯಚೂರಿನ ಹಳ್ಳಿಗಳಿಗೆ ಮರಳಿದವರು ಕೆರೆ ಹೂಳೆತ್ತಿ, ಬದು ಹಾಕಿ ದಿನಕ್ಕೆ 275 ರೂಪಾಯಿ ಗಳಿಸಿದರು. ಆ ದಿನಗಳಲ್ಲಿ ಸರ್ಕಾರ ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಇದು, ಏಕೆಂದರೆ ಇದು ಸಾಲವಾಗಿರಲಿಲ್ಲ, ದಾನವೂ ಆಗಿರಲಿಲ್ಲ. ಆದರೆ ಪಟ್ಟಣಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಇಂಥದ್ದೊಂದು ಖಾತ್ರಿ ಇರಲಿಲ್ಲ.

ನಗದು ನೆರವು ತೀರಾ ತೆಳುವಾಗಿತ್ತು. ಮಹಿಳೆಯರ ಜನಧನ ಖಾತೆಗಳಿಗೆ ಮೂರು ತಿಂಗಳು ತಲಾ 500 ರೂಪಾಯಿ ಬಂತು. ಕರ್ನಾಟಕದಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 2020ರ ಮೇ 6ರಂದು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿ, ಸುಮಾರು 7.75 ಲಕ್ಷ ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ಒಮ್ಮೆಗೆ 5,000 ರೂಪಾಯಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಘೋಷಿಸಿದರು. 2021ರ ಮೇ ತಿಂಗಳಲ್ಲಿ 1,250 ಕೋಟಿ ರೂಪಾಯಿಯ ಇನ್ನೊಂದು ಪ್ಯಾಕೇಜ್ ಬಂತು. ಆಗ ಚಾಲಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000 ರೂಪಾಯಿ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಆಧಾರ್, ಲೈಸೆನ್ಸ್, ವಾಹನದ ದಾಖಲೆ ಎಲ್ಲ ಹೊಂದಬೇಕಿತ್ತು. ದಿನದ ಬಾಡಿಗೆ ಕೊಟ್ಟು ಬೇರೆಯವರ ಆಟೊ ಓಡಿಸುವವರಿಗೆ ಈ ದಾಖಲೆ ಹೊಂದಿಸುವುದೇ ಒಂದು ಕೆಲಸವಾಗಿತ್ತು. ಆಟೊ ಸಾಲದ ಒಂದು ತಿಂಗಳ ಕಂತಿಗೆ ಆ 5,000 ಸಾಕಾಗುತ್ತಿತ್ತೇನೋ. ವಾಹನ ನಿಂತಿದ್ದದ್ದು ಅದಕ್ಕಿಂತ ಬಹಳ ಹೆಚ್ಚು ಕಾಲ. ಬೀದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯ 10,000 ರೂಪಾಯಿ ಉಪಯುಕ್ತವಾಗಿತ್ತು, ಆದರೆ ಅದೂ ಸಾಲವೇ.

ಇನ್ನು ಕೆಲಸದ ಮಾತು. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಕಟವಾಗಿ ನಡುರಾತ್ರಿಯಿಂದಲೇ ಜಾರಿಗೆ ಬಂದ ಲಾಕ್‌ಡೌನ್ ಎಷ್ಟು ಜನರ ಕೆಲಸ ಕಿತ್ತುಕೊಂಡಿತು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಅಳತೆಗಳಿವೆ. ಆರ್ಥಿಕ ಅಂಕಿ ಅಂಶ ಕಲೆಹಾಕುವ ಖಾಸಗಿ ಸಂಸ್ಥೆ ಸಿಎಂಐಇಯ ಅಂದಾಜಿನಂತೆ ಏಪ್ರಿಲ್ ಒಂದೇ ತಿಂಗಳಲ್ಲಿ ಸುಮಾರು 12.2 ಕೋಟಿ ಜನ ಕೆಲಸ ಕಳೆದುಕೊಂಡರು, ಅವರಲ್ಲಿ 9 ಕೋಟಿಗೂ ಹೆಚ್ಚು ಜನ ಸಣ್ಣ ವ್ಯಾಪಾರಿಗಳು ಮತ್ತು ಕೂಲಿಕಾರರು. ಸರ್ಕಾರದ್ದೇ ಆದ ಕಾರ್ಮಿಕ ಬಲ ಸಮೀಕ್ಷೆಯಲ್ಲೂ 2020ರ ಏಪ್ರಿಲ್‌–ಜೂನ್ ಅವಧಿಯ ನಗರ ನಿರುದ್ಯೋಗ ಸುಮಾರು ಶೇ 21ಕ್ಕೆ ಏರಿತ್ತು. ಕೂಲಿಕಾರರು ಬೇಗ ಮರಳಿದರು, ಏಕೆಂದರೆ ಮರಳದೆ ಉಣ್ಣುವುದು ಅವರಿಗೆ ಸಾಧ್ಯವಿರಲಿಲ್ಲ. ಆದ್ದರಿಂದ ಎಷ್ಟು ಜನ ಕೆಲಸಕ್ಕೆ ಮರಳಿದರು ಎಂಬುದಕ್ಕಿಂತ ಎಂಥ ಕೆಲಸಕ್ಕೆ ಮರಳಿದರು ಎಂಬುದನ್ನು ನೋಡಬೇಕು.

ಈ ವಿಷಯದಲ್ಲಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ವರದಿ ಬಹಳ ಮುಖ್ಯ. 2019ರ ಕೊನೆಯಲ್ಲಿ ಔಪಚಾರಿಕ ವಲಯದಲ್ಲಿ ಸಂಬಳಕ್ಕಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ 2020ರ ಕೊನೆಯ ಹೊತ್ತಿಗೆ ಅನೌಪಚಾರಿಕ ಕೆಲಸಕ್ಕೆ ಜಾರಿದ್ದರು: ಸುಮಾರು ಶೇ 30ರಷ್ಟು ಜನ ಸ್ವಂತ ದುಡಿಮೆಗೆ, ಶೇ 10ರಷ್ಟು ಜನ ದಿನಗೂಲಿಗೆ, ಶೇ 9ರಷ್ಟು ಜನ ಯಾವ ಭದ್ರತೆಯೂ ಇಲ್ಲದ ಸಂಬಳದ ಕೆಲಸಕ್ಕೆ. ಸ್ವಂತ ದುಡಿಮೆ ಎಂದರೆ ಇಲ್ಲಿ ಉದ್ಯಮ ಎಂದು ಓದಬಾರದು. ಖಾಸಗಿ ಶಾಲೆಯ ಶಿಕ್ಷಕಿ ಮನೆಯಲ್ಲಿ ಹೊಲಿಗೆ ಹಿಡಿದದ್ದು, ಹೋಟೆಲಿನ ಕ್ಯಾಷಿಯರ್ ತರಕಾರಿ ಗಾಡಿ ತಳ್ಳಿದ್ದು, ಕಾಲೇಜಿನ ಅತಿಥಿ ಉಪನ್ಯಾಸಕರು ಉದ್ಯೋಗ ಖಾತ್ರಿ ಕೆಲಸಕ್ಕೆ ಗುದ್ದಲಿ ಹಿಡಿದದ್ದು, ಇವೆಲ್ಲ ಅದರಲ್ಲಿ ಬರುತ್ತವೆ ಅಥವಾ ಅದರ ಅಂಚಿನಲ್ಲಿವೆ. ರಾಷ್ಟ್ರೀಯ ಕನಿಷ್ಠ ವೇತನಕ್ಕಾಗಿ ತಜ್ಞರ ಸಮಿತಿ ಸೂಚಿಸಿದ್ದ ದಿನಕ್ಕೆ 375 ರೂಪಾಯಿಯ ಗೆರೆಯನ್ನು ಇಟ್ಟುಕೊಂಡು ನೋಡಿದರೆ, ಅದಕ್ಕಿಂತ ಕೆಳಗೆ ಹೊಸದಾಗಿ ಬಿದ್ದವರು 23 ಕೋಟಿ ಜನ ಎಂದೂ ಆ ವರದಿ ಅಂದಾಜಿಸಿತು.

ಹೆಂಗಸರ ಲೆಕ್ಕ ಇದಕ್ಕಿಂತ ಕಠೋರವಾಗಿದೆ. ಅದೇ ವರದಿಯ ಪ್ರಕಾರ 2020ರ ಕೊನೆಯ ಹೊತ್ತಿಗೆ ಕೆಲಸ ಕಳೆದುಕೊಂಡು ಮರಳಲಾಗದ ಗಂಡಸರು ಶೇ 7ರಷ್ಟಾದರೆ, ಹೆಂಗಸರು ಶೇ 47ರಷ್ಟು. ಕೆಲಸದಲ್ಲಿ ಅಡೆತಡೆಯಿಲ್ಲದೆ ಉಳಿದವರು ಗಂಡಸರಲ್ಲಿ ಶೇ 61, ಹೆಂಗಸರಲ್ಲಿ ಶೇ 19 ಮಾತ್ರ. ಶಾಲೆ, ಅಂಗನವಾಡಿಗಳು ಮುಚ್ಚಿದ್ದವು, ಮನೆಯಲ್ಲಿ ಮಕ್ಕಳಿದ್ದರು, ರೋಗಿಗಳಿದ್ದರು, ಬಸ್ಸು ಇರಲಿಲ್ಲ. ಬಸ್ಸಿಲ್ಲದಿದ್ದರೆ ರಾಮನಗರ, ಮದ್ದೂರಿನ ಹಳ್ಳಿಯ ಹೆಣ್ಣುಮಕ್ಕಳಿಗೆ ಗಾರ್ಮೆಂಟ್ಸ್ ಕಾರ್ಖಾನೆಯೂ ಇಲ್ಲ. ಮುಂದಿನ ವರ್ಷಗಳ ಸರ್ಕಾರಿ ಸಮೀಕ್ಷೆಗಳು ದುಡಿಯುವ ಮಹಿಳೆಯರ ಪ್ರಮಾಣ ಏರಿದೆ ಎನ್ನುತ್ತವೆ, 2017–18ರ ಶೇ 23ರಿಂದ 2022–23ರಲ್ಲಿ ಶೇ 37ಕ್ಕೆ. ಈ ಏರಿಕೆಯ ಬಹುಪಾಲು ಹಳ್ಳಿಗಳಲ್ಲಿ, ಸ್ವಂತ ದುಡಿಮೆಯಲ್ಲಿ ಮತ್ತು ಮನೆಯ ಹೊಲ ಅಂಗಡಿಗಳಲ್ಲಿ ಸಂಬಳವಿಲ್ಲದೆ ಕೈಜೋಡಿಸುವ ಕೆಲಸದಲ್ಲಿ ಆಗಿದೆ. ಮನೆಯ ಆದಾಯ ಸಾಲದೆ ಇನ್ನೊಬ್ಬರು ದುಡಿಮೆಗೆ ಇಳಿದರೆ ಅದನ್ನು ಉದ್ಯೋಗದ ಬೆಳವಣಿಗೆ ಎಂದು ಮಾತ್ರ ಎಣಿಸುವುದು ಸರಿಯಲ್ಲ.

ಕೆಲಸದ ಭದ್ರತೆ ಎಂದು ನಾವು ಕರೆಯುವುದು ಎಷ್ಟು ಗಟ್ಟಿಯಾಗಿದೆ ಎಂಬುದನ್ನು 2020ನೇ ವರ್ಷ ಮೂರು ಕಡೆ ಪರೀಕ್ಷೆಗೆ ಒಡ್ಡಿತು. ಮೊದಲನೆಯದು ಕೇಂದ್ರ ಗೃಹ ಸಚಿವಾಲಯದ ಆದೇಶ. 2020ರ ಮಾರ್ಚ್ 29ರಂದು, ಲಾಕ್‌ಡೌನ್‌ನಿಂದ ಮುಚ್ಚಿದ ಅವಧಿಗೆ ಕಡಿತವಿಲ್ಲದೆ ಸಂಬಳ ಕೊಡಬೇಕೆಂದು ಎಲ್ಲ ಮಾಲೀಕರಿಗೆ ಆದೇಶಿಸಲಾಯಿತು. ಸಣ್ಣ ಕಾರ್ಖಾನೆಗಳ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಮೇ 18ರಿಂದ ಆದೇಶ ರದ್ದಾಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್, ಸಂಬಳದ ವಿಚಾರವನ್ನು ಮಾಲೀಕರೂ ಕಾರ್ಮಿಕರೂ ಮಾತುಕತೆಯಿಂದ ತೀರ್ಮಾನಿಸಿಕೊಳ್ಳಲಿ, ಅಲ್ಲಿಯವರೆಗೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಹತ್ತು ಜನರನ್ನು ಇಟ್ಟುಕೊಂಡು ಲೇತ್ ಮಷಿನ್ ನಡೆಸುವ ಮಾಲೀಕರು ಮೂರು ತಿಂಗಳ ಸಂಬಳವನ್ನು ಎಲ್ಲಿಂದ ತರಬೇಕಿತ್ತು ಎಂಬ ಪ್ರಶ್ನೆ ನ್ಯಾಯಯುತವಾದದ್ದೇ. ಅನೇಕ ದೇಶಗಳು ಅಂಥ ಸಂಬಳದ ಒಂದು ಪಾಲನ್ನು ಬೊಕ್ಕಸದಿಂದ ತುಂಬಿದವು. ಇಲ್ಲಿ ಸಣ್ಣ ಉದ್ಯಮಗಳಿಗೆ ಸಿಕ್ಕದ್ದು ಮುಖ್ಯವಾಗಿ ಸರ್ಕಾರದ ಖಾತರಿಯುಳ್ಳ ತುರ್ತು ಸಾಲ. ಸಂಬಳದ ಹೊಣೆಯನ್ನು ಯಾರ ಮೇಲೂ ನಿಲ್ಲಿಸದೆ ಬಿಟ್ಟದ್ದರಿಂದ ಅದು ಕೊನೆಗೆ ಕಾರ್ಮಿಕರ ಮೇಲೆಯೇ ಬಿತ್ತು.

ಎರಡನೆಯದು ಶ್ರೀರಂಗಪಟ್ಟಣ. 2020ರ ಜೂನ್‌ನಲ್ಲಿ ಅಲ್ಲಿನ ಸಿದ್ಧ ಉಡುಪು ಕಾರ್ಖಾನೆಯೊಂದು ಬಾಗಿಲು ಹಾಕಿ ಸುಮಾರು 1,200 ಜನರನ್ನು ಲೇಆಫ್ ಮಾಡಿತು. ಅವರಲ್ಲಿ ಬಹುತೇಕರು ಹೆಣ್ಣುಮಕ್ಕಳು. ವಿದೇಶಿ ಬ್ರ್ಯಾಂಡ್‌ಗಳ ಆರ್ಡರ್ ನಿಂತಿದೆ ಎಂಬುದು ಕಾರಣ. ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಹೀಗೆ ಮಾಡುವಂತಿಲ್ಲ ಎಂಬ ಕಾನೂನನ್ನು ಮುಂದಿಟ್ಟು, ಕಾರ್ಖಾನೆಯ ಗೇಟಿನ ಬಳಿ ಅವರು ವಾರಗಟ್ಟಲೆ ಧರಣಿ ಕುಳಿತರು. 2021ರ ಫೆಬ್ರವರಿಯಲ್ಲಿ ಕಾರ್ಮಿಕ ಸಂಘದೊಂದಿಗೆ ಒಪ್ಪಂದವಾಗಿ, ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಸಂಸ್ಥೆ ಒಪ್ಪಿತು. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ: ಆ ಕಾರ್ಖಾನೆಯಲ್ಲಿ ಸಂಘವಿತ್ತು, ಮತ್ತು ಕೈಯಲ್ಲಿ ಹಿಡಿಯಲು ಒಂದು ಕಾನೂನಿತ್ತು. ಸಂಘವಿಲ್ಲದ ಕಾರ್ಖಾನೆಗಳಲ್ಲಿ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕಳುಹಿಸಿದ ಸಾವಿರಾರು ಜನರ ಹೆಸರು ಯಾವ ಲೇಆಫ್ ಪಟ್ಟಿಯಲ್ಲೂ ಇಲ್ಲ. ಆ ಕಾನೂನಿನ ಮಿತಿಯೂ ಈಗ ನೂರು ಕಾರ್ಮಿಕರಿಂದ ಮುನ್ನೂರಕ್ಕೆ ಏರಿದೆ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು.

ಮೂರನೆಯದು ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ಸಂಬಳದ ಬಾಕಿ ಮತ್ತು ಕಡಿತದ ಕುರಿತ ಅಸಮಾಧಾನ ಹಿಂಸೆಗೆ ತಿರುಗಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಹಲವು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು, ಐಟಿಐ, ಡಿಪ್ಲೊಮಾ, ಪದವಿ ಓದಿದ ಯುವಕ ಯುವತಿಯರು. ಹಾಜರಾತಿ ಮತ್ತು ವೇತನದ ಲೆಕ್ಕದಲ್ಲಿ ಲೋಪಗಳಿದ್ದವು ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ಪರಿಶೀಲನೆಯೇ ಹೇಳಿತು. ಊರಿನ ಎಲ್ಲರೂ "ಕಂಪನಿ ಕೆಲಸ" ಎಂದು ಗೌರವದಿಂದ ಕಾಣುವ ಕೆಲಸದಲ್ಲಿ, ಬಾಕಿ ಸಂಬಳ ಕೇಳಬೇಕಾದದ್ದು ಏಜೆನ್ಸಿಯನ್ನೋ ಕಂಪನಿಯನ್ನೋ ಎಂಬುದೇ ಸ್ಪಷ್ಟವಿರಲಿಲ್ಲ.

ವಲಸೆ ಕಾರ್ಮಿಕರ ವಿಷಯದಲ್ಲಿ ರಾಜ್ಯ ಸರ್ಕಾರ ಇಟ್ಟ ಒಂದು ಹೆಜ್ಜೆಯನ್ನೂ ಮರೆಯುವಂತಿಲ್ಲ. 2020ರ ಮೇ ಮೊದಲ ವಾರದಲ್ಲಿ, ಕಟ್ಟಡ ನಿರ್ಮಾಣ ಸಂಸ್ಥೆಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆದ ಬೆನ್ನಲ್ಲೇ, ಅವರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಪತ್ರ ಹೋಯಿತು. ತೀವ್ರ ಟೀಕೆ ಬಂದು ಎರಡು ದಿನದೊಳಗೆ ನಿರ್ಧಾರ ಬದಲಾಯಿತು. ಅದೇ ತಿಂಗಳು ದುಡಿಮೆಯ ಅವಧಿಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಲು ಹೊರಡಿಸಿದ ಅಧಿಸೂಚನೆಯನ್ನು ಜೂನ್‌ನಲ್ಲಿ ಹಿಂಪಡೆಯಬೇಕಾಯಿತು. ಅಂದಿನ ಆಡಳಿತದ ಕಣ್ಣಿಗೆ ದುಡಿಯುವವರು ಮನೆಯಿರುವ, ಸಾಲವಿರುವ, ಭಯವಿರುವ ಮನುಷ್ಯರಾಗಿ ಕಾಣುವ ಬದಲು ನಿಂತ ಕೆಲಸವನ್ನು ಮತ್ತೆ ಆರಂಭಿಸಲು ಬೇಕಾದ ಕೈಗಳಾಗಿ ಕಂಡರು ಎಂಬ ನೋವು ಈಗಲೂ ಹೋಗಿಲ್ಲ.

ಎರಡನೇ ಅಲೆ ಬಂದಾಗ ಪೆಟ್ಟಿನ ಸ್ವರೂಪ ಬದಲಾಯಿತು. 2021ರ ಏಪ್ರಿಲ್‌–ಮೇ ತಿಂಗಳಲ್ಲಿ ಆದಾಯಕ್ಕಿಂತ ಹೆಚ್ಚಾಗಿ ಖರ್ಚು ಮನೆಗಳನ್ನು ಮುಳುಗಿಸಿತು. ಸರ್ಕಾರದ ಶಿಫಾರಸಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರಿಗೆ ರಾಜ್ಯ ಸರ್ಕಾರವೇ 2020ರ ಜೂನ್‌ನಲ್ಲಿ ನಿಗದಿ ಮಾಡಿದ್ದ ದರ ಸಾಮಾನ್ಯ ವಾರ್ಡಿಗೆ ದಿನಕ್ಕೆ 10,000, ವೆಂಟಿಲೇಟರ್ ಸಹಿತ ಐಸಿಯುಗೆ 25,000 ರೂಪಾಯಿ. ಮಿತಿ ಪಾಲಿಸಿದ ಆಸ್ಪತ್ರೆಯಲ್ಲೂ ವೆಂಟಿಲೇಟರ್ ಮೇಲಿನ ಹತ್ತು ದಿನಕ್ಕೆ ಎರಡೂವರೆ ಲಕ್ಷ. ಸರ್ಕಾರಿ ಹಾಸಿಗೆ ಸಿಗದೆ ಈ ದಾರಿ ಹಿಡಿದವರು ಅನೇಕರು. ದುಡಿಯುವವರೇ ತೀರಿಕೊಂಡ ಮನೆಗಳಿಗೆ ರಾಜ್ಯವು ಬಿಪಿಎಲ್ ಕುಟುಂಬವಾದರೆ 1 ಲಕ್ಷ ರೂಪಾಯಿಯನ್ನೂ, ಸುಪ್ರೀಂ ಕೋರ್ಟಿನ ಮುಂದೆ ಕೇಂದ್ರ ಒಪ್ಪಿದಂತೆ 50,000 ರೂಪಾಯಿಯನ್ನೂ ಕೊಡುವುದಾಯಿತು. ಚಿಕಿತ್ಸೆಗೆ ಮಾಡಿದ ಸಾಲದ ಒಂದು ಪಾಲನ್ನು ಅದು ತೀರಿಸಿರಬಹುದು. ತೀರಿಕೊಂಡವರ ದುಡಿಮೆಗೆ ಅದು ಬದಲಿಯಾಗಲಿಲ್ಲ.

ಇಷ್ಟೆಲ್ಲ ನಡೆದರೂ 2020–21ರಲ್ಲಿ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ (ಹೊಸ ಸಾಲ ಕಳೆದು ಉಳಿಯುವ ಮೊತ್ತ) ಕಡಿಮೆಯಾಗಲಿಲ್ಲ, ಜಿಡಿಪಿಯ ಶೇ 11.5ರ ಆಸುಪಾಸಿಗೆ ಏರಿತು ಎಂಬುದು ರಿಸರ್ವ್ ಬ್ಯಾಂಕಿನ ಅಂಕಿ. ಇದರಲ್ಲಿ ವಿರೋಧಾಭಾಸವಿಲ್ಲ. ಸಂಬಳ ನಿಲ್ಲದ, ಮನೆಯಿಂದಲೇ ಕೆಲಸ ಮಾಡಿದ ಕುಟುಂಬಗಳಲ್ಲಿ ಪ್ರವಾಸ, ಮದುವೆ, ಹೋಟೆಲು, ಪೆಟ್ರೋಲಿನ ಖರ್ಚು ಉಳಿದು ಬ್ಯಾಂಕಿನಲ್ಲಿ ಸೇರಿತು. ಒಡವೆ ಅಡ ಇಟ್ಟವರ ಖಾಲಿ ಕೈ ಈ ಸರಾಸರಿಯಲ್ಲಿ ಕಾಣಿಸಲಿಲ್ಲ. ಮುಂದೆ 2022–23ರಲ್ಲಿ ಅದೇ ಉಳಿತಾಯ ಜಿಡಿಪಿಯ ಶೇ 5ರ ಮಟ್ಟಕ್ಕೆ, ಹಲವು ದಶಕಗಳಲ್ಲೇ ಕನಿಷ್ಠಕ್ಕೆ ಇಳಿಯಿತು, ಸಾಲ ಏರಿತು. ಜನ ಮನೆ, ವಾಹನ ಕೊಳ್ಳಲು ಸಾಲ ಮಾಡುತ್ತಿದ್ದಾರೆ, ಇದು ಆತ್ಮವಿಶ್ವಾಸದ ಲಕ್ಷಣ ಎಂದು ಹಣಕಾಸು ಸಚಿವಾಲಯ ವಿವರಿಸಿತು. ಒಂದು ವರ್ಗದ ಮಟ್ಟಿಗೆ ಅದು ನಿಜವಿರಬಹುದು. ಇನ್ನೊಂದು ವರ್ಗದ ಚಿತ್ರ 2025ರ ಆರಂಭದಲ್ಲಿ ಕರ್ನಾಟಕದಲ್ಲೇ ಕಂಡಿತು: ಮೈಕ್ರೊಫೈನಾನ್ಸ್ ವಸೂಲಿಗಾರರ ಕಿರುಕುಳಕ್ಕೆ ಹೆದರಿ ಊರು ಬಿಟ್ಟವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಜಿಲ್ಲೆ ಜಿಲ್ಲೆಯಿಂದ ಬಂದು, ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಆ ಸಾಲಗಳೆಲ್ಲ ಕೋವಿಡ್‌ನ ಫಲ ಎನ್ನಲಾಗದು. ಬರ, ಬೆಳೆ ನಷ್ಟ, ಮದುವೆ, ಒಂದೇ ಮನೆಗೆ ನಾಲ್ಕೈದು ಕಂಪನಿಗಳು ನಾಚಿಕೆಯಿಲ್ಲದೆ ಕೊಟ್ಟ ಸಾಲ ಎಲ್ಲವೂ ಇವೆ. ಆದರೆ ಒಂದು ವಾರ ಕೂಲಿ ತಪ್ಪಿದರೆ ಕಂತು ಕಟ್ಟಲು ಆಸರೆಯಾಗಿದ್ದ ಒಡವೆ, ಚೀಟಿ, ಉಳಿತಾಯ ಹಿಂದಿನ ಸಂಕಟದಲ್ಲೇ ಕರಗಿಹೋಗಿದ್ದ ಮನೆಗಳು ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡುವ ಸರಪಳಿಗೆ ಸುಲಭವಾಗಿ ಸಿಕ್ಕಿಕೊಂಡವು.

ಕೆಲಸ ಹೋದಾಗ ಸಂಬಳದ ಒಂದು ಪಾಲು ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ನೌಕರರ ರಾಜ್ಯ ವಿಮೆಯಡಿ (ಇಎಸ್ಐ) ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದಿದೆ. 2020ರಲ್ಲಿ ಅದರ ಮೊತ್ತವನ್ನು ಸರಾಸರಿ ವೇತನದ ಶೇ 25ರಿಂದ ಶೇ 50ಕ್ಕೆ ಏರಿಸಿ, 90 ದಿನದವರೆಗೆ ಕೊಡುವ ಈ ನೆರವಿನ ಷರತ್ತುಗಳನ್ನೂ ಸಡಿಲಿಸಲಾಯಿತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಇಎಸ್ಐ ವಂತಿಗೆ ಕಟ್ಟುವ ನೌಕರರಿಗೆ ಮಾತ್ರ ಇದು ಅನ್ವಯಿಸುತ್ತದೆ. ಅರ್ಹರಲ್ಲೂ ಎಷ್ಟೋ ಜನರಿಗೆ ಇಂಥದ್ದೊಂದಿದೆ ಎಂಬುದೇ ತಿಳಿಯಲಿಲ್ಲ. ಆದರೂ ಇದರ ಮೂಲ ವಿಚಾರ ಸರಿಯಾಗಿದೆ: ದುಡಿಯುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿ, ಕೆಲಸ ಹೋದವರಿಗೆ ಅದರಿಂದ ಕೊಡುವುದು. ಪಿಎಫ್‌ನಿಂದ ತೆಗೆದ ಹಣದಂತೆ ಇದು ಆ ಕಾರ್ಮಿಕರ ಮುಪ್ಪಿನ ಹಣವನ್ನು ತಿನ್ನುವುದಿಲ್ಲ, ಕಂತು ಮುಂದೂಡಿಕೆಯಂತೆ ಮುಂದಿನ ದುಡಿಮೆಯನ್ನೂ ಅಡ ಇಡುವುದಿಲ್ಲ.

ಕರ್ನಾಟಕ 2025ರಲ್ಲಿ ಆ್ಯಪ್ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ತಂದ ಕಾಯ್ದೆ, ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ ಶೇ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅವಕಾಶ ಕೊಟ್ಟಿದೆ. ಕಟ್ಟಡ ಕಾರ್ಮಿಕರ ಸೆಸ್ ನಿಧಿ ಇದಕ್ಕಿಂತ ಬಹಳ ಮೊದಲಿನಿಂದ ಇದೆ. 2020ರಲ್ಲಿ ಅವರಿಗೆ ಬೇಗನೆ ನಗದು ತಲುಪಿಸಲು ಸಾಧ್ಯವಾದದ್ದು ಹೆಸರುಗಳ ಪಟ್ಟಿ ಮತ್ತು ಹಣ ಎರಡೂ ಮೊದಲೇ ಸಿದ್ಧವಿದ್ದುದರಿಂದ. ಈ ಎರಡು ನಿಧಿಗಳ ನಿಯಮಗಳಲ್ಲಿ ಅಪಘಾತ, ಹೆರಿಗೆ, ವಿದ್ಯಾರ್ಥಿವೇತನಗಳ ಜೊತೆಗೆ ಕೆಲಸ ನಿಂತ ದಿನಗಳ ಆದಾಯವನ್ನೂ ಸೇರಿಸಬೇಕು, ಮತ್ತು ಅದನ್ನು ಪಡೆಯಲು ಮುಖ್ಯಮಂತ್ರಿಗಳ ಘೋಷಣೆಗಾಗಿ ಕಾಯಬೇಕಾದ ಸ್ಥಿತಿ ಇರಬಾರದು. ಅಂಗಡಿ, ಹೋಟೆಲು, ಖಾಸಗಿ ಶಾಲೆಗಳಲ್ಲಿ ದುಡಿಯುವವರಿಗೆ ಇಂಥ ನಿಧಿ ಇನ್ನೂ ಇಲ್ಲ. ಅವರನ್ನು ಸೇರಿಸುವ ಕೆಲಸ ಗಿಗ್ ಕಾರ್ಮಿಕರ ಮಂಡಳಿಯನ್ನು ಕಟ್ಟಿದಷ್ಟೇ ಶ್ರದ್ಧೆಯಿಂದ ಆಗಬೇಕಿದೆ.